ಸೂತ್ರಕ್ಕೆ ಮೊದಲು ನಾಲ್ಕು ನಾಣ್ಯ ಎಸೆಯಿರಿ

ಸಂಭವನೀಯತೆ ಓದುತ್ತಿರುವವರಿಗೆ ಒಂದು ಸಲಹೆ. ಸೂತ್ರ ಬಾಯಿಪಾಠ ಮಾಡುವ ಮೊದಲು ನಾಲ್ಕು ನಾಣ್ಯಗಳನ್ನು ಒಟ್ಟಿಗೆ 32 ಸಲ ಎಸೆಯಿರಿ. ಪ್ರತಿ ಸಲ ಎಷ್ಟು ಹೆಡ್ ಬಿತ್ತು ಅಂತ ಬರೆದಿಡಿ. ಪ್ರತಿ ಸಲ ಆಕಸ್ಮಿಕವಾಗಿ ಬದಲಾಗುವ ಆ ಎಣಿಕೆಯೇ ನಿಮ್ಮ ರ‍್ಯಾಂಡಮ್ ವೇರಿಯಬಲ್. ಲೆಕ್ಕದ ಪ್ರಕಾರ 0, 1, 2, 3, 4 ಹೆಡ್ ಕ್ರಮವಾಗಿ 2, 8, 12, 8, 2 ಸಲ ಬರಬೇಕು. ಸ್ವಲ್ಪ ಆಚೀಚೆ ಆಗುತ್ತದೆ, ಗಾಬರಿ ಬೇಡ. ಸರಿಯಾಗಿ ಅಷ್ಟೇ ಬಂದರೆ ನನಗೇ ಅನುಮಾನ!

ಆಮೇಲೆ ಫೋನ್. ದಿನಾ ಅದೇ ಒಂದು ಗಂಟೆಯಲ್ಲಿ ಎಷ್ಟು ಮೆಸೇಜ್ ಬಂತು ಅಂತ ಒಂದು ತಿಂಗಳು ಎಣಿಸಿ, ಸರಾಸರಿ ಮತ್ತು ವೇರಿಯನ್ಸ್ (ಎಣಿಕೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ತೆಗೆಯಿರಿ. ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೇ ಸರಾಸರಿ ದರದಲ್ಲಿ ನಡೆಯುವ ಘಟನೆಗಳ ಎಣಿಕೆಗೆ ಹೊಂದುವ ಪ್ವಾಸಾನ್ ವಿತರಣೆಯಲ್ಲಿ ಇವೆರಡೂ ಒಂದೇ. ನಿಮಗೆ ವೇರಿಯನ್ಸ್ ತುಂಬಾ ಜಾಸ್ತಿ ಬಂತಾ? ಒಂದು ಮೆಸೇಜ್ ಇನ್ನೊಂದನ್ನು ಎಳೆದು ತರುತ್ತದೆ, ಅಲ್ವಾ? ಅಲ್ಲಿಗೆ ಪ್ವಾಸಾನ್‌ನ ಷರತ್ತು ಮುರಿಯಿತು.