ಕುಸ್ತಿ ತಾಲೀಮಿನ ಹುಡುಗರ ಹೆಗಲಿನ ಸ್ನಾಯು ಅಳೆದದ್ದು: ನನ್ನ ಅನುಭವ

ಊರಿನ ಸ್ಕ್ಯಾನಿಂಗ್ ಸೆಂಟರಿನ ಎಂಆರ್‌ಐ ಇಟ್ಟುಕೊಂಡು ಹೆಗಲಿನ ಒಂದೊಂದು ಸ್ನಾಯುವಿನ ಗಾತ್ರ ತೆಗೆಯುತ್ತೇನೆ ಅಂದಾಗ ಬೆಳಗಾವಿಯಲ್ಲಿ ನಂಬಿದವರು ಕಡಿಮೆ. 'ಅದೆಲ್ಲ ದೊಡ್ಡ ಲ್ಯಾಬಿನ ಕೆಲಸ' ಅಂದರು. ಈಗ ಆಗಿದೆ, ಅಂಕಿಯೂ ತಾಳೆಯಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಭುಜದ ಮೇಲಿನ ಬಲ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲಿಗೆ ನಾವು ಹಾಕುವ ಸ್ನಾಯುಬಲದ ಅಂಕಿ ಹೆಚ್ಚಾಗಿ ಶವಗಳ ಅಳತೆಯಿಂದ ಬಂದದ್ದು, ಅದೂ ವಯಸ್ಸಾದವರದು. ದಿನಾ ದಂಡ ಹೊಡೆದು ಗದೆ ತಿರುಗಿಸುವ ಇಪ್ಪತ್ತರ ಪೈಲ್ವಾನನಿಗೆ ಅದು ಹೊಂದುವುದಿಲ್ಲ ಅಲ್ವಾ?

ಮೊದಲ ಕೆಲವು ಸ್ಕ್ಯಾನ್ ದುಡ್ಡು ಪೂರ್ತಿ ನೀರುಪಾಲು. ಭುಜದ ಮಾಮೂಲಿ ಸ್ಕ್ಯಾನ್ ಇರುವುದು ಕೀಲು ನೋಡಲಿಕ್ಕೆ. ಸುಮಾರು 16 ಸೆಂ.ಮೀ. ಅಗಲ ಹಿಡಿಯುತ್ತಾರೆ. ಸ್ಕ್ಯಾಪುಲಾದ (ಹೆಗಲಿನ ಹಿಂದಿನ ಚಪ್ಪಟೆ ಮೂಳೆ) ಒಳ ಅಂಚು ಹೊರಗೇ ಉಳಿಯುತ್ತದೆ. ಅದರ ಹಿಂಬದಿಯ ಸ್ನಾಯು ಇನ್‌ಫ್ರಾಸ್ಪೈನೇಟಸ್ ಅರ್ಧಕ್ಕೇ ಕಟ್! ಸಲಕ್ಕೆ ಐದು ಸಾವಿರದ ಹತ್ತಿರ ಹೋಗುತ್ತಿತ್ತು, ಗ್ರ್ಯಾಂಟ್ ಇಲ್ಲ, ಎಲ್ಲ ಕ್ಲಿನಿಕ್ಕಿನ ಗಳಿಕೆಯಿಂದಲೇ. ಆಮೇಲೆ ಭುಜದ ಕಾಯಿಲ್ (ಮೈಮೇಲೆ ಇಟ್ಟು ಸಿಗ್ನಲ್ ಹಿಡಿಯುವ ಭಾಗ) ಬಿಟ್ಟು ಎದೆ-ಹೊಟ್ಟೆಗೆ ಹಾಕುವ ದೊಡ್ಡ ಕಾಯಿಲ್ ಹಾಕಿಸಿದೆ. ಟಿ1 ಬಗೆಯ ಚಿತ್ರ ಬೇಕು, ಕೊಬ್ಬನ್ನು ಕಪ್ಪು ಮಾಡುವ ಫ್ಯಾಟ್ ಸ್ಯಾಟ್ ಬೇಡ. ಸ್ನಾಯುಗಳ ನಡುವಿನ ಕೊಬ್ಬು ಬೆಳ್ಳಗೆ ಕಂಡರೇ ಒಂದೊಂದು ಸ್ನಾಯುವಿನ ಸುತ್ತ ಗೆರೆ ಎಳೆಯಲಿಕ್ಕೆ ಬರುವುದು. ರಾತ್ರಿ ಮಷಿನ್ ಖಾಲಿ ಇದ್ದಾಗ ಮಾಡಿಸಿದ್ದರಿಂದ ರೇಟೂ ಮೂರು ಸಾವಿರದ ಆಸುಪಾಸಿಗೆ ಇಳಿಯಿತು. ಉಸಿರಾಟಕ್ಕೆ ಭುಜ ಅಲುಗದ ಹಾಗೆ ಕೈಯನ್ನು ಹೇಗೆ ಕಟ್ಟಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗೆರೆ ಎಳೆದದ್ದು ತ್ರೀಡಿ ಸ್ಲೈಸರ್‌ನಲ್ಲಿ, ಅದು ಪುಕ್ಕಟೆ ಸಾಫ್ಟ್‌ವೇರ್. ಇನ್‌ಫ್ರಾಸ್ಪೈನೇಟಸ್ ಮತ್ತು ಅದರ ಕೆಳಗಿನ ಚಿಕ್ಕ ಸ್ನಾಯು ಟೆರೀಸ್ ಮೈನರ್ ನಡುವಿನ ಗಡಿ ಎಷ್ಟೋ ಜನರಲ್ಲಿ ಕಾಣುವುದೇ ಇಲ್ಲ. ಸುಮ್ನೆ ಊಹೆಯ ಗೆರೆ ಎಳೆಯುವುದಕ್ಕಿಂತ ಎರಡನ್ನೂ ಸೇರಿಸಿ ಅಳೆಯುವುದೇ ಪ್ರಾಮಾಣಿಕ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವರು ಸ್ಲೈಸಿನ (ಸ್ಕ್ಯಾನಿನ ಒಂದು ಪದರ) ದಪ್ಪದ ಜೊತೆ ಎರಡು ಸ್ಲೈಸಿನ ನಡುವಿನ ಗ್ಯಾಪನ್ನೂ ಕೂಡಿಸಬೇಕು. 4 ಮಿ.ಮೀ. ಸ್ಲೈಸಿಗೆ 0.4 ಮಿ.ಮೀ. ಗ್ಯಾಪ್ ಲೆಕ್ಕದಲ್ಲಿ ಬಿಟ್ಟುಹೋದರೆ ಗಾತ್ರ ನೂರಕ್ಕೆ 9ರಷ್ಟು ಕಡಿಮೆ ಬರುತ್ತದೆ.

ಇಷ್ಟಾದರೂ ಸರಿಯಿದೆ ಅಂತ ನಂಬುವುದು ಹೇಗೆ? ಮಟನ್ ಅಂಗಡಿಯಿಂದ ಆಡಿನ ಮುಂಗಾಲು ಸ್ಕ್ಯಾಪುಲಾ ಸಮೇತ ತಂದೆ. ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಬಿಗಿದು ಸ್ಕ್ಯಾನ್ ಮಾಡಿಸಿದೆ. ಟೆಕ್ನಿಷಿಯನ್ ಒಪ್ಪಲಿಕ್ಕೆ ಬಹಳ ಹೊತ್ತು ಬೇಕಾಯಿತು. ಆಮೇಲೆ ಮೂಳೆಯ ಏಣಿನ ಮೇಲಿನ ಗುಂಡಿಯಿಂದ ಸುಪ್ರಾಸ್ಪೈನೇಟಸ್ ಬಿಡಿಸಿ, ಪೊರೆ ಮತ್ತು ಕೊಬ್ಬು ಕೆರೆದು ತೂಗಿದೆ. ನೂರು ಗ್ರಾಂ ಆಸುಪಾಸು. ಚಿತ್ರದಿಂದ ಬಂದ ಗಾತ್ರಕ್ಕೆ ಸ್ನಾಯುವಿನ ಸಾಂದ್ರತೆ 1.06 (ಘನ ಸೆಂ.ಮೀ.ಗೆ ಗ್ರಾಂ) ಗುಣಿಸಿದರೆ ನಾಲ್ಕೈದು ಗ್ರಾಂ ಮಾತ್ರ ವ್ಯತ್ಯಾಸ. ಆ ಸಂಜೆ ಯಾರ ಅನುಮಾನಕ್ಕೂ ಉತ್ತರ ನನ್ನ ಕೈಯಲ್ಲಿತ್ತು.

ಅಲ್ಟ್ರಾಸೌಂಡೂ ನೋಡಿದೆ. ಸ್ವಂತ ಮಷಿನ್ ಇಡಲಿಕ್ಕೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಬೇಕು. ಹಾಗಾಗಿ ರೇಡಿಯಾಲಜಿಸ್ಟ್ ಒಬ್ಬರ ಮಷಿನ್ನಿನಲ್ಲೇ, ಅವರೇ ಪ್ರೋಬ್ ಹಿಡಿದು ಮಾಡಿದರು. ಪೈಲ್ವಾನರ ಮೇಲ್ಪದರದ ಸ್ನಾಯು ಟ್ರಪೀಜಿಯಸ್ ದಪ್ಪ, ಅದರಡಿಯ ಸುಪ್ರಾಸ್ಪೈನೇಟಸ್ ಆಳದಲ್ಲಿ ಮಸುಕು. ಪ್ರೋಬ್ ಸ್ವಲ್ಪ ಒತ್ತಿದರೂ ಅಳತೆ ಬದಲು. ಜೆಲ್ ಜಾಸ್ತಿ ಸುರಿದು, ಒತ್ತದೆ ಹಿಡಿದಾಗ ಸ್ನಾಯುವಿನ ಅಡ್ಡಕೊಯ್ತದ ಚಿತ್ರ ಚೆನ್ನಾಗಿ ಬಂತು. ಒಬ್ಬನನ್ನೇ ತಿಂಗಳಿಂದ ತಿಂಗಳಿಗೆ ನೋಡಲಿಕ್ಕೆ ಅದು ಸಾಕು, ಪೂರ್ತಿ ಗಾತ್ರಕ್ಕೆ ಸಾಲದು.

ಬಲದ ಲೆಕ್ಕಕ್ಕೆ ಗಾತ್ರದ ಜೊತೆ ಸ್ನಾಯುತಂತುವಿನ ಉದ್ದವೂ ಬೇಕು, ಈ ಬಗೆಯ ಎಂಆರ್‌ಐಯಲ್ಲಿ ಅದು ಸಿಗುವುದಿಲ್ಲ. ಅದನ್ನು ಮಾತ್ರ ಇನ್ನೂ ಶವಗಳ ಅಳತೆಯಿಂದಲೇ ತೆಗೆದುಕೊಂಡಿದ್ದೇನೆ. ಮಾಡಲು ಹೊರಟವರು ಸೆಂಟರಿನವರಿಗೆ ಮೊದಲೇ ಹೇಳಿಬಿಡಿ: ಫಿಲಂ ಬೇಡ, ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ಸಿಡಿಯಲ್ಲಿ ಬೇಕು.