ಕೆಳಗಿನ ಪ್ಲಗ್ ಮಾತ್ರ ಯಾಕೆ ಹೋಗುತ್ತಿತ್ತು?

ಗಂಗೊಳ್ಳಿಯ ನಾಡದೋಣಿಯೊಂದರ ಹಿಂಬದಿಗೆ ಸಿಕ್ಕಿಸುವ ಹಳೆಯ ಔಟ್‌ಬೋರ್ಡ್ ಎಂಜಿನ್ ಅದು. ಎರಡು ಸಿಲಿಂಡರ್, ಟೂ ಸ್ಟ್ರೋಕ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವಂಥದ್ದು. ಎರಡು ತಿಂಗಳಲ್ಲಿ ಮೂರು ಸ್ಪಾರ್ಕ್ ಪ್ಲಗ್ ಹೋಗಿದ್ದವು, ಮೂರೂ ಕೆಳಗಿನ ಸಿಲಿಂಡರಿನವು.

“ಇನ್ನೊಂದು ಹೊಸದು ಹಾಕಿ ಕೊಡು ಮಾರಾಯ, ಬೆಳಿಗ್ಗೆ ದೋಣಿ ಇಳಿಸ್ಬೇಕು” ಅಂದರು ದೋಣಿಯವರು. ಅವಸರ ಅರ್ಥವಾಗುತ್ತದೆ. ಆದರೆ ಸುಮ್ನೆ ಹೊಸದು ಹಾಕಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಡುಕಡಲಲ್ಲಿ ಎಂಜಿನ್ ನಿಂತರೆ ಜೀವದ ಪ್ರಶ್ನೆ ಅಲ್ವಾ?

ಎರಡೂ ಪ್ಲಗ್ ಬಿಚ್ಚಿ ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟೆ. ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಗುರುತು ತಪ್ಪಬಾರದು. ಮೇಲಿನದು ಕಂದು, ಅಂಚಿನಲ್ಲಿ ಸ್ವಲ್ಪ ಮಸಿ. ಸೀಮೆಎಣ್ಣೆ ಎಂಜಿನ್ನಿಗೆ ಅದು ಮಾಮೂಲು. ಕೆಳಗಿನದರ ಪಿಂಗಾಣಿ ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ತುಕ್ಕಿನ ಚುಕ್ಕೆಗಳು. ಬರೀ ಬಿಸಿ ಜಾಸ್ತಿಯಾಗಿದ್ದರೆ ಪಿಂಗಾಣಿ ಬೆಳ್ಳಗಾಗಿ ಗುಳ್ಳೆ ಏಳುತ್ತದೆ, ತುಕ್ಕು ಬರುವುದಿಲ್ಲ. ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟು ನೋಡಿದೆ. ಮೇಲಿನ ಪಿಸ್ಟನ್ ತಲೆಯ ಮೇಲೆ ಕರಿ ಕಟ್ಟಿತ್ತು. ಕೆಳಗಿನದು ಪಾತ್ರೆ ಉಜ್ಜಿದ ಹಾಗೆ ಹೊಳೆಯುತ್ತಿತ್ತು. ಒಳಗೆ ನೀರು ಬಂದು ಆವಿಯಾಗಿ ಕರಿಯನ್ನೆಲ್ಲ ತೊಳೆದಿದೆ ಅಂತ ಆಗಲೇ ಗೊತ್ತಾಯಿತು.

ಪ್ಲಗ್ ವೈರುಗಳನ್ನು ಎಂಜಿನ್ನಿನ ಲೋಹಕ್ಕೆ ಅರ್ತ್ ಕೊಟ್ಟು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿದೆ. ಮೇಲೆ 110 ಪಿಎಸ್ಐ, ಕೆಳಗೆ 75. ಸಿಲಿಂಡರುಗಳ ಮುಚ್ಚಳ, ಅಂದರೆ ಹೆಡ್ ಬಿಚ್ಚಿದರೆ, ಸಂದು ಸೋರದಂತೆ ಹಾಕಿದ ಗ್ಯಾಸ್ಕೆಟ್ಟಿನಲ್ಲಿ ಎಂಜಿನ್ ತಣ್ಣಗಿಡುವ ನೀರಿನ ದಾರಿಯಿಂದ ಕೆಳಗಿನ ಸಿಲಿಂಡರಿನವರೆಗೆ ಬೆರಳಗಲದ ಸುಟ್ಟ ಗೆರೆ. ಹೆಡ್ ಮೇಲೆ ಸ್ಕೇಲ್ ಅಡ್ಡ ಇಟ್ಟರೆ ಸಂದು ಅಳೆಯುವ 0.1 ಮಿ.ಮೀ. ಫೀಲರ್ ಪಟ್ಟಿ ಸಲೀಸಾಗಿ ನುಗ್ಗಿತು. ಬಿಸಿಗೆ ಹೆಡ್ ಬಾಗಿತ್ತು.

ಬಿಸಿಯಾದದ್ದು ಯಾಕೆ? ಎಂಜಿನ್ನಿನ ಹಿಂದಿನಿಂದ ಬೀಳುವ ನೀರಿನ ಧಾರೆ ಸಣ್ಣಗಾಗಿ ಬಹಳ ದಿನವಾಗಿತ್ತಂತೆ. ನೀರಿನಲ್ಲಿ ಮುಳುಗುವ ಕೆಳಭಾಗ, ಲೋವರ್ ಯೂನಿಟ್ ಇಳಿಸಿದೆ. ತಣ್ಣಗಿಡುವ ನೀರನ್ನು ಮೇಲಕ್ಕೆ ತಳ್ಳುವ ಪಂಪಿನ ಚಕ್ರ, ಇಂಪೆಲ್ಲರಿನ ಎರಡು ರೆಕ್ಕೆ ಮುರಿದಿದ್ದವು, ಪಂಪಿನೊಳಗೆಲ್ಲ ಅಳಿವೆಯ ಮರಳು.

ದಪ್ಪ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ಫೀಲರ್ ನುಗ್ಗದಷ್ಟು ಮಟ್ಟವಾಗುವವರೆಗೆ ಹೆಡ್ ಉಜ್ಜಿದೆ. ಹೊಸ ಗ್ಯಾಸ್ಕೆಟ್, ಹೊಸ ಇಂಪೆಲ್ಲರ್ ಹಾಕಿದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿದೆ. ಮರುದಿನ ಬೆಳಿಗ್ಗೆ ದೋಣಿ ಇಳಿಯಲಿಲ್ಲ, ಎರಡು ದಿನ ಹೋಯಿತು.

ಹದಿನೈದು ದಿನ ಬಿಟ್ಟು ದಡಕ್ಕೇ ಹೋಗಿ ಪ್ಲಗ್ ಬಿಚ್ಚಿ ನೋಡಿದೆ. ಎರಡೂ ಒಂದೇ ಕಂದು.