ವಿಚಾರಣಾ ಕೊಠಡಿಯಿಂದ ಶುರುಮಾಡಿ: ಬ್ರಿಟಿಷ್ ಮತ್ತು ಅಮೆರಿಕನ್ ಕ್ರೈಮ್ ಧಾರಾವಾಹಿಗಳ ಪೊಲೀಸರನ್ನು ನೋಡುವ ಬಗೆ

ಬ್ರಿಟನ್ ಮತ್ತು ಅಮೆರಿಕದ ಟೆಲಿವಿಷನ್ ಕ್ರೈಮ್ ಧಾರಾವಾಹಿಗಳಲ್ಲಿ ಪೊಲೀಸರ ಚಿತ್ರಣದ ಬಗ್ಗೆ ವಿಮರ್ಶೆಯನ್ನೋ ಕಾಲೇಜಿನ ಪ್ರಬಂಧವನ್ನೋ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಎತ್ತಿಕೊಳ್ಳುವ ಪ್ರಶ್ನೆ, ಈ ಅಧಿಕಾರಿ ಒಳ್ಳೆಯವನೋ ಕೆಟ್ಟವನೋ ಎಂಬುದು. ಆ ಪ್ರಶ್ನೆ ಹಿಡಿದು ಬಹಳ ದೂರ ಹೋಗಲಾಗದು. ಕುಡುಕನೂ ಮುಂಗೋಪಿಯೂ ಆದ ಪತ್ತೇದಾರನನ್ನು ಕಥೆ ನಾಯಕನನ್ನಾಗಿಯೇ ಉಳಿಸಿಕೊಳ್ಳಬಲ್ಲದು. ಸಭ್ಯನಾದ ಮೇಲಧಿಕಾರಿಯನ್ನು ಬರೀ ಅಡ್ಡಗಾಲಾಗಿ ತೋರಿಸಬಲ್ಲದು. ಕೇಳಬೇಕಾದ ಪ್ರಶ್ನೆ ಬೇರೆ: ಕಾನೂನಿನ ನಿಯಮವೊಂದು ಪೊಲೀಸರಿಗೆ ಅಡ್ಡ ಬಂದಾಗ ಕಥೆ ಯಾರ ಪರವಾಗಿ ನಿಲ್ಲುತ್ತದೆ?

ಮೊದಲು ಎರಡೂ ದೇಶಗಳಿಂದ ಒಂದೊಂದು ಧಾರಾವಾಹಿಯನ್ನು, ಸಾಧ್ಯವಾದಷ್ಟು ಒಂದೇ ಕಾಲದವನ್ನು, ಆರಿಸಿಕೊಳ್ಳಿ. 1950ರ ದಶಕಕ್ಕೆ ಅಮೆರಿಕದ ‘ಡ್ರ್ಯಾಗ್ನೆಟ್’ ಮತ್ತು ಬಿಬಿಸಿಯ ‘ಡಿಕ್ಸನ್ ಆಫ್ ಡಾಕ್ ಗ್ರೀನ್’ ಒಳ್ಳೆಯ ಜೋಡಿ. 1990ರ ಆಸುಪಾಸಿಗೆ ‘ಲಾ ಅಂಡ್ ಆರ್ಡರ್’ ಮತ್ತು ಹೆಲೆನ್ ಮಿರನ್ ನಟಿಸಿದ ‘ಪ್ರೈಮ್ ಸಸ್ಪೆಕ್ಟ್’. ಈ ಶತಮಾನಕ್ಕೆ ‘ದಿ ವೈರ್’ (2002–2008) ಮತ್ತು ‘ಲೈನ್ ಆಫ್ ಡ್ಯೂಟಿ’ (2012–2021). ಇಡೀ ಸೀಸನ್ ನೋಡಿ ಮುಗಿಸುವ ತನಕ ಕಾಯಬೇಕಾಗಿಲ್ಲ. ಒಂದೊಂದರಲ್ಲಿ ಒಂದು ಕಂತು, ಆ ಕಂತಿನಲ್ಲಿ ಶಂಕಿತನ ವಿಚಾರಣೆ ನಡೆಯುವ ಒಂದು ದೃಶ್ಯ ಸಾಕು; ಆದರೆ ಆ ದೃಶ್ಯವನ್ನು ಎರಡು ಸಲ ನೋಡಬೇಕು, ಒಂದು ಸಲ ಶಬ್ದವನ್ನು ಪೂರ್ತಿ ನಿಲ್ಲಿಸಿ.

ಶಬ್ದವಿಲ್ಲದೆ ನೋಡುವಾಗ ಕೊಠಡಿಯಲ್ಲಿ ಯಾರಿದ್ದಾರೆ, ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ಕ್ಯಾಮೆರಾ ಯಾರ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದನ್ನು ಬರೆದುಕೊಳ್ಳಿ. ಅಮೆರಿಕದ ಬಹಳಷ್ಟು ಧಾರಾವಾಹಿಗಳಲ್ಲಿ ಪತ್ತೇದಾರ ನಿಂತು, ಬಗ್ಗಿ, ಮೇಜು ಸುತ್ತುತ್ತಾನೆ; ವಕೀಲ ಒಳಗೆ ಬಂದನೆಂದರೆ ಆ ದೃಶ್ಯ ಅಲ್ಲಿಗೆ ಮುಗಿಯಿತು. ವಕೀಲ ಬೇಕೆಂದು ಕೇಳುವುದನ್ನೇ ತಪ್ಪಿತಸ್ಥನ ಲಕ್ಷಣವೆಂಬಂತೆ ಬರೆದ ಸಂಭಾಷಣೆಗಳು ಅಲ್ಲಿ ಹೇರಳ. ಪೊಲೀಸರ ಭ್ರಷ್ಟಾಚಾರವನ್ನು ಪೊಲೀಸರೇ ತನಿಖೆ ಮಾಡುವ, ಹಾಗಾಗಿ ಶಂಕಿತನೂ ಹೆಚ್ಚಾಗಿ ಪೊಲೀಸನೇ ಆಗಿರುವ ‘ಲೈನ್ ಆಫ್ ಡ್ಯೂಟಿ’ಯಲ್ಲಾದರೋ ಎಲ್ಲರೂ ಕೂತೇ ಇರುತ್ತಾರೆ, ಕಾನೂನು ಸಲಹೆಗಾರರು ಶಂಕಿತನ ಪಕ್ಕದಲ್ಲೇ ಇರುತ್ತಾರೆ, ರೆಕಾರ್ಡರ್‌ನ ದೀರ್ಘ ಸದ್ದು ಮುಗಿದ ಮೇಲೆಯೇ ಮಾತು ಶುರುವಾಗುತ್ತದೆ, ಮತ್ತು ತನಗಿಂತ ಕನಿಷ್ಠ ಒಂದು ದರ್ಜೆ ಮೇಲಿನ ಅಧಿಕಾರಿಯೇ ತನ್ನನ್ನು ವಿಚಾರಿಸಬೇಕೆಂಬ ಹಕ್ಕು ಕಥೆಯ ತಿರುವೇ ಆಗಿಬಿಡುತ್ತದೆ. ನಿಯಮಾವಳಿಯ ಒಣ ಸಾಲೊಂದರಿಂದ ಇಷ್ಟು ಬಿಗಿಯಾದ ನಾಟಕ ಹುಟ್ಟಿಸಿದ್ದು ಆ ಧಾರಾವಾಹಿಯ ನಿಜವಾದ ಸಾಧನೆ ಎಂದು ನನ್ನ ಎಣಿಕೆ.

ಎರಡನೆಯ ಸಲ ಶಬ್ದದೊಂದಿಗೆ ನೋಡುವಾಗ ಬಂಧನದ ಹೊತ್ತಿಗೆ ಹೇಳುವ ಎಚ್ಚರಿಕೆಯ ಮಾತಿಗೆ ಕಿವಿಗೊಡಿ. ಅಮೆರಿಕದ ಎಚ್ಚರಿಕೆ ಅಲ್ಲಿನ ಸುಪ್ರೀಂ ಕೋರ್ಟ್‌ನ 1966ರ ಮಿರಾಂಡಾ ತೀರ್ಪಿನಿಂದ ಬಂದದ್ದು: ಸುಮ್ಮನಿರುವ ಹಕ್ಕಿದೆ, ಆಡಿದ ಮಾತನ್ನು ನ್ಯಾಯಾಲಯದಲ್ಲಿ ವಿರುದ್ಧವಾಗಿ ಬಳಸಬಹುದು, ವಕೀಲರ ನೆರವು ಪಡೆಯುವ ಹಕ್ಕಿದೆ, ಹಣವಿಲ್ಲದಿದ್ದರೆ ವಕೀಲರನ್ನು ನೇಮಿಸಿಕೊಡಲಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಚ್ಚರಿಕೆಯೂ ಮೌನಕ್ಕೆ ಅವಕಾಶ ಕೊಡುತ್ತದೆ. ಆದರೆ 1994ರ ಕಾಯ್ದೆಯ ನಂತರ, ಮುಂದೆ ನ್ಯಾಯಾಲಯದಲ್ಲಿ ಆಧಾರವಾಗಿ ಮುಂದಿಡುವ ಸಂಗತಿಯನ್ನು ಈಗ ಕೇಳಿದಾಗ ಹೇಳದಿದ್ದರೆ ನಿಮ್ಮ ಪ್ರತಿವಾದಕ್ಕೆ ಹಾನಿಯಾಗಬಹುದು ಎಂಬ ಮಾತೂ ಅದರಲ್ಲಿ ಸೇರಿದೆ. ಹಾಗಾಗಿ ಬ್ರಿಟಿಷ್ ಧಾರಾವಾಹಿಯ ಪಾತ್ರವೊಂದು ಪ್ರತಿ ಪ್ರಶ್ನೆಗೂ ‘ನೋ ಕಾಮೆಂಟ್’ ಎನ್ನುತ್ತಾ ಕೂತರೆ ಅದು ಬೆಲೆ ತೆತ್ತು ಹೂಡಿದ ತಂತ್ರ. ಅಮೆರಿಕದ ಮೌನದಂತೆ ಅದನ್ನು ಅಳೆಯಬಾರದು.

ಈಗ ‘ದಿ ವೈರ್’ನ ಐದನೆಯ ಸೀಸನ್ ಆರಂಭವಾಗುವ ದೃಶ್ಯಕ್ಕೆ ಬನ್ನಿ. ಬಾಲ್ಟಿಮೋರ್‌ನ ಪತ್ತೇದಾರರು ಕಚೇರಿಯ ಫೋಟೋಕಾಪಿ ಯಂತ್ರವನ್ನೇ ಸುಳ್ಳು ಪತ್ತೆ ಮಾಡುವ ಯಂತ್ರವೆಂದು ಯುವಕನೊಬ್ಬನಿಗೆ ನಂಬಿಸುತ್ತಾರೆ. ಅವನ ಕೈಯನ್ನು ಯಂತ್ರದ ಮೇಲಿಟ್ಟು ಪ್ರಶ್ನೆ ಕೇಳುತ್ತಾರೆ, ‘ನಿಜ’, ‘ಸುಳ್ಳು’ ಎಂದು ಮೊದಲೇ ಮುದ್ರಿಸಿಟ್ಟ ಹಾಳೆಗಳು ಸರದಿಯಂತೆ ಹೊರಬರುತ್ತವೆ, ಅವನು ಬಾಯಿಬಿಡುತ್ತಾನೆ. ನಗು ಬರುತ್ತದೆ, ಬರಲೆಂದೇ ಬರೆದದ್ದು. ಆ ನಗುವಿನಲ್ಲಿ ನಾವು ಪೊಲೀಸರ ಜೊತೆಗೂಡಿಬಿಟ್ಟಿರುತ್ತೇವೆ, ವಕೀಲ ಎಲ್ಲಿ ಎಂದು ಕೇಳುವುದನ್ನು ಮರೆತಿರುತ್ತೇವೆ. ಅಮೆರಿಕದ ಸುಪ್ರೀಂ ಕೋರ್ಟ್ 1969ರಲ್ಲಿ, ಜೊತೆಗಾರ ಆಗಲೇ ಒಪ್ಪಿಕೊಂಡಿದ್ದಾನೆಂದು ಪೊಲೀಸರು ಸುಳ್ಳು ಹೇಳಿದ ಮಾತ್ರಕ್ಕೆ ತಪ್ಪೊಪ್ಪಿಗೆ ಅಸಿಂಧುವಾಗದು ಎಂದಿತ್ತು. ಅಂದರೆ ಈ ದೃಶ್ಯದ ವಂಚನೆಯ ಹಿಂದೆ ಕಾನೂನಿನ ಆಸರೆಯೂ ಉಂಟು. ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯಡಿ ಇಂಥ ಉಪಾಯದಿಂದ ಪಡೆದ ಮಾತನ್ನು ನ್ಯಾಯಾಧೀಶರು ಸಾಕ್ಷ್ಯದಿಂದ ಹೊರಗಿಡುವ ಸಂಭವ ಹೆಚ್ಚು. ನಮ್ಮಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲವೆಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಿಂದಲೂ ಇದ್ದು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ; ಆ ಅಳತೆಗೋಲನ್ನು ಅಲ್ಲಿನ ಕಥೆಗೆ ಹಚ್ಚದಂತೆ ಕನ್ನಡದ ವೀಕ್ಷಕರು ಎಚ್ಚರ ವಹಿಸಬೇಕು.

ದೃಶ್ಯದಿಂದ ಹೊರಬಂದ ಮೇಲೆ, ಅದನ್ನು ತಯಾರಿಸಿದವರಿಗೂ ಪೊಲೀಸ್ ಇಲಾಖೆಗೂ ಇದ್ದ ನಂಟನ್ನು ಹುಡುಕಿ. ‘ಡ್ರ್ಯಾಗ್ನೆಟ್’ ತಯಾರಾದದ್ದು ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಸಹಕಾರದಿಂದ. ಚಿತ್ರಕಥೆಗಳು ಇಲಾಖೆಯ ಕಣ್ಣು ದಾಟಿ ಬರುತ್ತಿದ್ದವು. ಡಿಕ್ಸನ್ನನ ಕಥೆ ಇನ್ನೂ ವಿಚಿತ್ರ: 1950ರ ಸಿನಿಮಾವೊಂದರಲ್ಲಿ ಗುಂಡೇಟಿಗೆ ಸತ್ತ ಆ ಕಾನ್‌ಸ್ಟೆಬಲ್‌ನನ್ನು ಬಿಬಿಸಿ 1955ರಲ್ಲಿ ಬದುಕಿಸಿಕೊಂಡು, 1976ರವರೆಗೆ ಊರಿನ ಹಿರಿಯಣ್ಣನಂತೆ ನಡೆಸಿತು. ಪೊಲೀಸರ ಈ ಹಿರಿಯಣ್ಣನ ಚಿತ್ರಣಕ್ಕೆ ಮೊದಲ ಪೆಟ್ಟು ಕೊಟ್ಟದ್ದು 1962ರಲ್ಲಿ ಶುರುವಾದ ಬಿಬಿಸಿಯದೇ ಪೊಲೀಸ್ ಧಾರಾವಾಹಿ ‘ಜ಼ಡ್ ಕಾರ್ಸ್’. ಬಾಲ್ಟಿಮೋರ್‌ನಲ್ಲಿ ಪತ್ರಿಕಾ ವರದಿಗಾರರಾಗಿದ್ದ ಡೇವಿಡ್ ಸೈಮನ್ ಮತ್ತು ಅಲ್ಲಿಯೇ ಪತ್ತೇದಾರರಾಗಿದ್ದ ಎಡ್ ಬರ್ನ್ಸ್ ಸೇರಿ ಬರೆದ ‘ದಿ ವೈರ್’ನಲ್ಲಿ ಅಪರಾಧದ ಅಂಕಿ ಅಂಶಗಳನ್ನು ತಿದ್ದಿ ತೋರಿಸುವ ಕಚೇರಿ ರಾಜಕೀಯಕ್ಕೆ ಅಷ್ಟು ಜಾಗ ಸಿಕ್ಕಿರುವುದು ಕಾಕತಾಳೀಯವಲ್ಲ.

ಕಂತುಗಳ ಸಂಖ್ಯೆಯನ್ನೂ ಗುರುತಿಸಿಕೊಳ್ಳಿ. ವರ್ಷಕ್ಕೆ ಸುಮಾರು 22 ಕಂತುಗಳ ಅಮೆರಿಕನ್ ನೆಟ್‌ವರ್ಕ್ ಧಾರಾವಾಹಿಗೆ ವಾರಕ್ಕೊಂದು ಪ್ರಕರಣ ಮುಗಿಯಲೇಬೇಕು, ಹಾಗಾಗಿ ಪೊಲೀಸರು ಸೋಲುವುದು ಅಪರೂಪ. ಆರೇಳು ಕಂತುಗಳ ಬ್ರಿಟಿಷ್ ಸರಣಿಗೆ ಒಂದೇ ಸಾವಿನ ಸುತ್ತ ಇಡೀ ಊರನ್ನು ತೋರಿಸಲು ಪುರುಸೊತ್ತಿರುತ್ತದೆ. ಬಂದೂಕಿನ ವಿಷಯ ಎಲ್ಲರಿಗೂ ಗೊತ್ತಿರುವುದೇ: ಉತ್ತರ ಐರ್ಲೆಂಡ್ ಬಿಟ್ಟರೆ ಬ್ರಿಟನ್ನಿನ ಸಾಮಾನ್ಯ ಪೊಲೀಸರು ಅದನ್ನು ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಬಂದೂಕು ತೆರೆಯ ಮೇಲೆ ಬಂದರೆ ಅದಕ್ಕೊಂದು ಕಾರಣ ಇರಲೇಬೇಕು.

ಇನ್ನು ತಪ್ಪಿನ ಹೊಣೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಕೊನೆಯ ಕಂತಿನವರೆಗೂ ಬೆನ್ನಟ್ಟಿ. ಭ್ರಷ್ಟನೊಬ್ಬನನ್ನು ಹಿಡಿದು ಠಾಣೆಯನ್ನು ಶುದ್ಧಗೊಳಿಸಿದಂತೆ ಕಥೆ ಮುಗಿಯುತ್ತದೆಯೋ, ಅಥವಾ ಅವನನ್ನು ಬೆಳೆಸಿದ ವ್ಯವಸ್ಥೆಯೂ ಲೆಕ್ಕಕ್ಕೆ ಬರುತ್ತದೆಯೋ? ಲಂಡನ್ನಿನ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಕೊಲೆಯ ತನಿಖೆಯನ್ನು ಪರಿಶೀಲಿಸಿದ ಮ್ಯಾಕ್‌ಫರ್ಸನ್ ವರದಿ 1999ರಲ್ಲಿ ಲಂಡನ್ ಪೊಲೀಸ್ ಪಡೆಯಲ್ಲಿ ಸಾಂಸ್ಥಿಕ ಜನಾಂಗೀಯ ತಾರತಮ್ಯ ಇದೆ ಎಂದಿತು. ಅಮೆರಿಕದಲ್ಲಿ ಪೊಲೀಸ್ ಅಧಿಕಾರಿಯ ಕೈಯಲ್ಲಿ ನಡೆದ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ, 2020ರ ಜೂನ್‌ನಲ್ಲಿ, 1989ರಿಂದ ನಡೆದುಬಂದಿದ್ದ ರಿಯಾಲಿಟಿ ಕಾರ್ಯಕ್ರಮ ‘ಕಾಪ್ಸ್’ ರದ್ದಾಯಿತು, ಆಮೇಲೆ ಬೇರೆ ವೇದಿಕೆಯಲ್ಲಿ ಮರಳಿತು. ನಿಮ್ಮ ಧಾರಾವಾಹಿ ಇವುಗಳ ಹಿಂದಿನದೋ ಮುಂದಿನದೋ ಎಂಬುದನ್ನು ತಪ್ಪದೆ ನಮೂದಿಸಿ.

ಬರೆಯುವಾಗ ಆ ಒಂದು ವಿಚಾರಣಾ ದೃಶ್ಯವನ್ನು ಮೊದಲ ಪುಟದಲ್ಲೇ ವಿವರವಾಗಿ ಕೊಟ್ಟು, ಯಾವ ಸೀಸನ್, ಎಷ್ಟನೆಯ ಕಂತು ಎಂದು ಸೂಚಿಸಿ, ಮಿಕ್ಕ ಮಾತನ್ನೆಲ್ಲ ಅದರಿಂದಲೇ ಬೆಳೆಸಿ. ‘ವೀಕ್ಷಕರು ಇದನ್ನು ನಂಬುತ್ತಾರೆ’ ಎಂದು ಬರೆಯಬೇಡಿ, ನೀವು ನೋಡಿರುವುದು ಧಾರಾವಾಹಿಯನ್ನೇ ಹೊರತು ವೀಕ್ಷಕರನ್ನಲ್ಲ. ‘ಇದನ್ನು ನಂಬುವಂತೆ ದೃಶ್ಯವನ್ನು ಹೀಗೆ ಕಟ್ಟಲಾಗಿದೆ’ ಎಂದು ಬರೆದು, ಕಟ್ಟಿದ ಬಗೆಯನ್ನು ತೋರಿಸಿ.